ಹೆಸರಿಲ್ಲದ ಅನುವಾದಕ

ನಮ್ಮ ಅಣ್ಣಿಗೇರಿ ಪಂಪನ ಊರೆಂದು ಹೆಸರಾದದ್ದು. ಆತ ಜೈನ, ಕನ್ನಡಕ್ಕೆ ವ್ಯಾಸರ ಭಾರತವನ್ನೂ ಕೊಟ್ಟ. ದೊಡ್ಡ ಕೃತಿಗೆ ಒಂದೇ ಬಾವಿಯ ನೀರು ಸಾಲದು. ಸ್ಪೇನಿನಲ್ಲೂ ಹಾಗೆಯೇ.

ಸೆರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ (1605) ಎಂದರೆ ನಮಗೆ ಗಾಳಿಗಿರಣಿಯ ಕಾಳಗವಷ್ಟೇ ನೆನಪು. ಮರು ಅಧ್ಯಾಯದಲ್ಲೇ ಆತ, ಈ ಕಥೆಯ ಮೂಲ ಅರಬ್ಬಿಯದು, ಬರೆದವನು ಹಮೀದ್ ಬೆನೆಂಗೇಲಿ ಎನ್ನುತ್ತಾನೆ. ಅನುವಾದಿಸಿದವನು ಒಬ್ಬ ಮೊರಿಸ್ಕೊ, ಅಂದರೆ ಬಲವಂತದಿಂದ ಕ್ರೈಸ್ತರಾದ ಮುಸ್ಲಿಮರ ವಂಶದವ. ಕೂಲಿ ಒಣದ್ರಾಕ್ಷಿ, ಗೋಧಿ. ಹೆಸರು ಮಾತ್ರ ಇಲ್ಲ. ಅರಬರು ಸುಳ್ಳರೆಂಬ ಕುಹಕವೂ ಅಲ್ಲೇ ಇದೆ.

1609ರಿಂದ ಮೊರಿಸ್ಕೊಗಳನ್ನು ದೇಶದಿಂದ ಅಟ್ಟಿದರು. 1615ರ ಎರಡನೇ ಭಾಗದಲ್ಲಿ ಹಾಗೆ ಹೊರಬಿದ್ದ ರಿಕೋಟೆ ವೇಷ ಮರೆಸಿಕೊಂಡು ಮರಳುತ್ತಾನೆ. ದಾರಿಯಲ್ಲಿ ಹಳೆಯ ನೆರೆಯವ ಸ್ಯಾಂಚೊನನ್ನು ತಬ್ಬಿಕೊಳ್ಳುತ್ತಾನೆ. ಸ್ಯಾಂಚೊ ಅವನ ಜೊತೆ ಹೋಗಲೊಪ್ಪುವುದಿಲ್ಲ, ಹಿಡಿದುಕೊಡುವುದೂ ಇಲ್ಲ. ಕುಹಕವನ್ನು ದಾಟಿ ಕಾದಂಬರಿ ದೊಡ್ಡದಾಗುವುದು ಇಲ್ಲಿ.