ಹೆಸರು ಸಿಕ್ಕಿತು, ಮನೆ ಹೋಯಿತು

ಥಾಮಸ್ ಹಾರ್ಡಿಯ 'ಟೆಸ್ ಆಫ್ ದ ಡರ್ಬರ್‌ವಿಲ್ಸ್' (1891) ಕಾದಂಬರಿಯನ್ನು ಮೋಸಹೋದ ಹೆಣ್ಣಿನ ಕತೆಯೆಂದು ಓದುವುದು ವಾಡಿಕೆ. ನಾನು ಅದನ್ನು ಒಂದು ಮನೆತನದ ಹೆಸರಿನ ಕತೆಯೆಂದೂ ಓದುತ್ತೇನೆ.

ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್, ಅಂದರೆ ಒಂದು ಇಗರ್ಜಿಯ ಸರಹದ್ದಿನ ಊರು, ತನ್ನ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಇಂಥ ಪುಸ್ತಕಗಳು ಉಳಿದ ಕಡೆ ಕೂಲಿಯವನ ವಂಶವನ್ನೂ ಹಲವು ತಲೆಮಾರು ಹಿಂದಕ್ಕೆ ಹುಡುಕಬಹುದು. ಡಾರ್ಸೆಟ್ ಸೀಮೆಯ ಬಿಯರ್ ರೀಜಿಸ್ ಇಗರ್ಜಿಯಲ್ಲಿ ಟರ್ಬರ್‌ವಿಲ್ ಎಂಬ ಹಳೆಯ ಜಮೀನ್ದಾರಿ ಮನೆತನದ ಸಮಾಧಿಗಳಿವೆ. ಹಾರ್ಡಿ ಆ ಹೆಸರನ್ನೇ ತುಸು ತಿರುಚಿ ಡರ್ಬರ್‌ವಿಲ್ ಮಾಡಿದ. ಊರನ್ನು ಕಿಂಗ್ಸ್‌ಬಿಯರ್ ಎಂದು ಕರೆದ.

ಕಾದಂಬರಿ ಶುರುವಾಗುವುದು ದಾರಿಯಲ್ಲಿ. ಹಳೆಯ ವಂಶಗಳ ಇತಿಹಾಸ ಕೆದಕುವ ಪಾದ್ರಿಯೊಬ್ಬ ಬಡ ಚಿಲ್ಲರೆ ವ್ಯಾಪಾರಿ ಜಾನ್ ಡರ್ಬಿಫೀಲ್ಡನಿಗೆ, ನೀನು ಡರ್ಬರ್‌ವಿಲ್‌ಗಳ ಕುಡಿ ಎಂದು ತಿಳಿಸುತ್ತಾನೆ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೆ ಗೊತ್ತು, ಹೆಸರಿನ ಒಂದಕ್ಷರ ಬೇರೆಯಾದರೂ ಹಣ ಕೈಗೆ ಬಾರದು. ಇಲ್ಲಿ ಅಕ್ಷರವೇನೋ ಸರಿಹೋಯಿತು. ಖಾತೆಯಲ್ಲಿ ಹಣವೇ ಇರಲಿಲ್ಲ.

ಆ ಸಂಭ್ರಮದಲ್ಲಿ ಜಾನ್ ಕುಡಿದ. ಅವನ ಬದಲು ರಾತ್ರಿ ಗಾಡಿ ಹೊಡೆಯಲು ಮಗಳು ಟೆಸ್ ಹೋದಳು, ಕುದುರೆ ಸತ್ತಿತು. ಜೀವನೋಪಾಯಕ್ಕೆಂದು ನೆಂಟರನ್ನು ಹುಡುಕಿ ಹೋದವಳು ಅಲೆಕ್‌ನ ಕೈಗೆ ಸಿಕ್ಕಿದಳು. ಆ ನೆಂಟನಾದರೋ, ವ್ಯಾಪಾರದಲ್ಲಿ ದುಡ್ಡು ಮಾಡಿದ ಅಪ್ಪ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಗಳಿಂದ ಎತ್ತಿಕೊಂಡ ಹೆಸರಿನವನು!

ಕಾದಂಬರಿಯ ಜೀವಾಳ ಬೇರೊಂದು ಪುಟದಲ್ಲಿದೆ. ಟೆಸ್‌ಳ ಕೂಸು ಸಾಯಲಿರುವ ರಾತ್ರಿ, ಮನೆತನದ ಮಾನದ ಹೆಸರಿನಲ್ಲಿ ಅಪ್ಪ ಪಾದ್ರಿಯನ್ನು ಕರೆಯಗೊಡದೆ ಬಾಗಿಲಿಗೆ ಬೀಗ ಹಾಕುತ್ತಾನೆ. ಟೆಸ್ ತಮ್ಮತಂಗಿಯರನ್ನು ಎಬ್ಬಿಸಿ, ತಾನೇ ನೀರು ಮುಟ್ಟಿಸಿ, ದುಃಖವೆಂಬ ಅರ್ಥದ 'ಸಾರೋ' ಎಂಬ ಹೆಸರಿಡುತ್ತಾಳೆ. ಮನೆತನದ ಹೆಸರು ಕಲ್ಲಿನಲ್ಲಿ ಉಳಿದಿದೆ. ಈ ಹೆಸರಿಗೆ ಇಗರ್ಜಿಯ ಪುಸ್ತಕದಲ್ಲಿ ಜಾಗವಿಲ್ಲ. ಓದುಗನ ಮನಸ್ಸಿನಲ್ಲಿ ನಿಲ್ಲುವುದು ಇದೇ.

ನನ್ನದೊಂದು ಆಕ್ಷೇಪವಿದೆ. ಡರ್ಬರ್‌ವಿಲ್‌ಗಳ ಕೋಚುಬಂಡಿಯ ಐತಿಹ್ಯ, ಹಳೆಯ ಚಿತ್ರಪಟಗಳು ಇತ್ಯಾದಿಗಳಿಂದ, ಪೂರ್ವಜರ ರಕ್ತವೇ ಟೆಸ್‌ಳ ವಿಧಿಯೆಂಬಂತೆ ಹಾರ್ಡಿ ಸೂಚಿಸುತ್ತಾನೆ. ತಾನು ನಕ್ಕದ್ದನ್ನೇ ಅವನು ಅರ್ಧ ನಂಬಿದಂತಿದೆ. ಅವಳನ್ನು ಕೆಡಿಸಿದ್ದು ರಕ್ತವಲ್ಲ, ಬಡತನ. ಸಾಕ್ಷಿ ಅವನ ಬರಹದಲ್ಲೇ ಇದೆ: ಜಾನ್ ಸತ್ತೊಡನೆ ಮನೆಯ ಗೇಣಿಯ ಹಕ್ಕೂ ಮುಗಿಯುತ್ತದೆ. ಬೀದಿಗೆ ಬಿದ್ದ ಸಂಸಾರ ಕಿಂಗ್ಸ್‌ಬಿಯರ್ ಇಗರ್ಜಿಯ ಹೊರಗೋಡೆಗೆ ಒತ್ತಿ ಮಂಚ ಹಾಕಿಕೊಳ್ಳುತ್ತದೆ. ಒಳಗೆ ಪೂರ್ವಜರಿಗೆ ಕಲ್ಲಿನ ಮನೆ, ಹೊರಗೆ ಮಕ್ಕಳಿಗೆ ಬಯಲು.

ತರವಾಡು, ಮನೆತನ ಎನ್ನುತ್ತ ವಂಶಾವಳಿ ಬರೆಯಿಸಲು ಹೊರಡುವ ನಮ್ಮವರು ಈ ಕಾದಂಬರಿಯನ್ನೊಮ್ಮೆ ಓದಲಿ. ಪುಸ್ತಕಕ್ಕೆ ಸೇರದೆ ಹೋದವರ ಹೆಸರನ್ನೂ ಕೇಳುವ ಮನಸ್ಸು ಬಂದೀತು.