ಕರ್ನಲ್ಲನ ಹೆಗಲಪಟ್ಟಿ

ಮಿಖಾಯಿಲ್ ಬುಲ್ಗಾಕೋವನ 'ಟುರ್ಬಿನರ ದಿನಗಳು' (1926) ನಾಟಕದಲ್ಲಿ ಕರ್ನಲ್ ಅಲೆಕ್ಸೇ ಟುರ್ಬಿನ್ ತನ್ನ ಎಳೆಯ ಸೈನಿಕರಿಗೆ ಕೊಡುವ ಕಡೆಯ ಆಜ್ಞೆ ವಿಚಿತ್ರವಾದುದು: ಹುದ್ದೆ ಸಾರುವ ಹೆಗಲಪಟ್ಟಿಗಳನ್ನು ಕಿತ್ತೊಗೆದು ಮನೆಗೆ ಓಡಬೇಕು! 1918ರ ಡಿಸೆಂಬರ್; ಪೆಟ್ಲ್ಯೂರನ ಪಡೆ ಕೀವ್ ನಗರಕ್ಕೆ ನುಗ್ಗುತ್ತಿದೆ. ಅವನ ಅಧಿಕಾರಿಗಳೇ ಇದನ್ನು ದ್ರೋಹವೆಂದು ಬಗೆಯುತ್ತಾರೆ. ನಾನು ಹಾಗೆ ಓದಲಾರೆ.

ಆ ಪಟ್ಟಿಯ ತೂಕವರಿಯದೆ ಈ ದೃಶ್ಯ ದಕ್ಕುವುದಿಲ್ಲ. ಜಾರನ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ಲನಿಗೆ ಎರಡು ಗೆರೆ, ಮೂರು ನಕ್ಷತ್ರ. ಅವನಿಗಿಂತ ಮೇಲಿನ ಕರ್ನಲ್ಲನಿಗೆ ಎರಡು ಗೆರೆ ಮಾತ್ರ, ನಕ್ಷತ್ರವೇ ಇಲ್ಲ. ಬರಿಯ ಹೆಗಲಿಗೇ ಹೆಚ್ಚಿನ ಗೌರವವೆನ್ನಿ! 1917ರ ಡಿಸೆಂಬರಿನಲ್ಲಿ ಬೋಲ್ಷೆವಿಕರು ಪದವಿಗಳನ್ನೂ ಪಟ್ಟಿಗಳನ್ನೂ ರದ್ದುಮಾಡಿದರು. ಆಮೇಲಿನ ಅಂತರ್ಯುದ್ಧದಲ್ಲಿ ಹಗೆಯ ಕೈಗೆ ಸಿಕ್ಕವನಿಗೆ ಅದು ಸಾವಿನ ಚೀಟಿ. ಟುರ್ಬಿನ್ ಹುಡುಗರ ಹೆಗಲಿನಿಂದ ಇಳಿಸಿದ್ದು ಅದನ್ನು. ತಾನು ಮಾತ್ರ ಹೊರಡದೆ ಅಲ್ಲಿಯೇ ಮಡಿಯುತ್ತಾನೆ.

ಈ ನಾಟಕವನ್ನು ಮತ್ತೆ ಮತ್ತೆ ಹೋಗಿ ನೋಡಿದವನು ಸ್ಟಾಲಿನ್. 1943ರ ಜನವರಿಯಲ್ಲಿ ಅವನ ಸರ್ಕಾರವೇ ಹೆಗಲಪಟ್ಟಿಗಳನ್ನು ಮರಳಿ ತಂದಿತು. ಎರಡು ಗೆರೆಗಳ ಮೇಲಿನ ಮೂರು ನಕ್ಷತ್ರ ಈ ಸಲ ಕರ್ನಲ್ಲನಿಗೇ ಸಂದವು. ಬುಲ್ಗಾಕೋವ್ 1940ರಲ್ಲಿಯೇ ತೀರಿಕೊಂಡಿದ್ದ.