ಕಾಗದ ಓದುವ ದನಿ

ಅವರೆಕಾಳು ಹಿತುಕುವಾಗ, ಬಟ್ಟೆ ಮಡಿಸುವಾಗ, ಆಫೀಸು ಮುಗಿಸಿ ಬಸ್ಸಿನಲ್ಲಿ ಜೋತುಬಿದ್ದು ಬರುವಾಗ ಅಮ್ಮಂದಿರ ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವಿರುತ್ತದೆ. ಮಕ್ಕಳನ್ನು ಬೆಳೆಸುವ ಕುರಿತ ಪಾಡ್‌ಕಾಸ್ಟ್‌ಗಳಿಗೆ ಆ ಹೊತ್ತು ಚೆನ್ನ. ಆದರೆ ಹೊಸದಾಗಿ ಕೇಳುವವರು ಇವನ್ನು ಔಷಧದ ಅಂಗಡಿ ಎಂದುಕೊಂಡುಬಿಡುತ್ತಾರೆ: ಹಟಕ್ಕೊಂದು ಗುಳಿಗೆ, ನಿದ್ದೆಗೊಂದು ಗುಳಿಗೆ. ಗುಳಿಗೆ ನಾಟದಿದ್ದಾಗ ಬೇಸತ್ತು ಬಿಡುತ್ತಾರೆ. ನನಗೆ ರುಚಿ ಹತ್ತಿದ್ದು, ಒಬ್ಬಾಕೆಯ ಕಷ್ಟವನ್ನು ಇನ್ನೊಬ್ಬಾಕೆ ಹೇಗೆ ಕೇಳಿಸಿಕೊಳ್ಳುತ್ತಾಳೆ ಎಂದು ಗಮನಿಸತೊಡಗಿದ ಮೇಲೆ.

ಅದಕ್ಕೆ ಅಮೆರಿಕದ ಜಾನೆಟ್ ಲ್ಯಾನ್ಸ್‌ಬರಿ ಅವರ ‘ಅನ್‌ರಫಲ್ಡ್’ನಿಂದ ಶುರುಮಾಡಿ. ಬಹಳಷ್ಟು ಕಂತುಗಳಲ್ಲಿ ಅವರು ಒಬ್ಬ ತಾಯಿಯೋ ತಂದೆಯೋ ಬರೆದ ಕಾಗದವನ್ನು ಓದುತ್ತಾರೆ. ತಮ್ಮ ಹುಟ್ಟಿದ ಮೇಲೆ ಅಕ್ಕ ಹೊಡೆಯತೊಡಗಿದ್ದಾಳೆ, ಮೂರು ವರ್ಷದವನು ಯಾವುದಕ್ಕೂ ಒಪ್ಪುವುದಿಲ್ಲ, ಇಂಥವು. ಕಾಗದ ಮುಗಿದ ಕೂಡಲೇ ನಿಲ್ಲಿಸಿ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಸೊಪ್ಪು ಬಿಡಿಸುತ್ತಾ ಒಂದು ನಿಮಿಷ ಯೋಚಿಸಿ, ಆಮೇಲೆ ಮುಂದಕ್ಕೆ ಹೋಗಿ. ನಾವು ಅಷ್ಟರಲ್ಲಿ ಮಗುವನ್ನು ತಿದ್ದಲು ಹೊರಟಿರುತ್ತೇವೆ. ಆಕೆ ಕಾಗದದ ನಡುವಿನ ಒಂದು ಮಾತನ್ನು ಹಿಡಿದು, ದೊಡ್ಡವರ ಗಾಬರಿ ಎಲ್ಲಿ ಶುರುವಾಯಿತು ಎಂದು ಹುಡುಕುತ್ತಿರುತ್ತಾರೆ. ದಯವಿಟ್ಟು ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಬೇಡಿ. ಸುದ್ದಿಗೆ ಆ ವೇಗ ನಡೆದೀತು. ಅಳುವ ಮಗುವಿನ ಮುಂದೆ ಯಾವ ದನಿಯಲ್ಲಿ ಮಾತಾಡಬೇಕು ಎಂಬುದನ್ನು ಕಿವಿ ಕಲಿಯುವುದು ಆಕೆಯ ನಿಧಾನದಿಂದಲೇ.

ಆ ನಿಧಾನಕ್ಕೊಂದು ಗುರುಪರಂಪರೆ ಇದೆ. ಬುಡಾಪೆಸ್ಟ್‌ನಲ್ಲಿ ಮ್ಯಾಗ್ಡಾ ಗರ್ಬರ್ ಅವರ ಮಗಳಿಗೆ ಹುಷಾರಿಲ್ಲದಾಗ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ನೋಡಲು ಬಂದರು. ತಾಯಿ ವಿವರಿಸಲು ಹೊರಟರೆ ವೈದ್ಯೆ ಕೈಸನ್ನೆಯಲ್ಲೇ ತಡೆದು, ಮಗುವನ್ನೇ ಮಾತಾಡಿಸಿದರಂತೆ. ಗರ್ಬರ್ ಆ ವೈದ್ಯೆಯ ಶಿಷ್ಯೆಯಾದರು. ಮುಂದೆ ಅಮೆರಿಕಕ್ಕೆ ಹೋಗಿ, 1978ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಸುಗೂಸುಗಳ ಪಾಲನೆ ಕಲಿಸುವ ಸಂಸ್ಥೆ ಕಟ್ಟಿದರು. ಲ್ಯಾನ್ಸ್‌ಬರಿ ಕಲಿತದ್ದು ಅವರಲ್ಲಿ. ಇದು ಗೊತ್ತಿದ್ದರೆ ಆಕೆ ಮಾತಿನ ನಡುವೆ ತಡೆದು ನಿಂತಾಗ ನಿಮಗೂ ಆ ಕೈಸನ್ನೆ ಕಾಣುತ್ತದೆ.

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಬೆಕಿ ಕೆನಡಿ ಅವರ ‘ಗುಡ್ ಇನ್‌ಸೈಡ್’ 2021ರಲ್ಲಿ ಶುರುವಾಯಿತು. ಇಲ್ಲಿ ಮಾತು ಚುರುಕು; ಮಗುವಿಗೆ ಹೇಳಬಹುದಾದ ವಾಕ್ಯಗಳೇ ಸಿದ್ಧವಾಗಿ ಸಿಗುತ್ತವೆ. ರೇಗಿದ ಮೇಲೆ ಮಗುವಿನ ಹತ್ತಿರ ಮರಳಿ ಹೋಗಿ ಸರಿಪಡಿಸಿಕೊಳ್ಳುವ ಬಗ್ಗೆ ಅವರು ಮತ್ತೆ ಮತ್ತೆ ಹೇಳುತ್ತಾರೆ. ಆ ಮಾತುಗಳನ್ನು ನಿಮ್ಮ ಮನೆಯ ಕನ್ನಡದಲ್ಲಿ ಜೋರಾಗಿ ಹೇಳಿ ನೋಡಿ. ‘ಆಗ ಕೂಗಿಬಿಟ್ಟೆ ಪುಟ್ಟಾ, ನಿನ್ನ ತಪ್ಪಲ್ಲ ಅದು’ ಎಂದು ಬಾಯಿಗೆ ಬಂದರೆ ಇಟ್ಟುಕೊಳ್ಳಿ. ನಾಲಿಗೆ ತೊಡರಿದರೆ ಬಿಡಿ, ಅದು ಬೇರೆ ಮನೆಯ ಮಾತು. ಹಾಗೆಯೇ, ಎಳೆಗೂಸನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವ ಅಭ್ಯಾಸದ ಕಂತುಗಳು ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಕ್ಕಳಿಗೆ ಬೇಕಿಲ್ಲ, ದಾಟಿಕೊಂಡು ಹೋಗಿ.

ಹದಿಹರೆಯದವರಿದ್ದರೆ ‘ಆಸ್ಕ್ ಲೀಸಾ’. ಮನಶ್ಶಾಸ್ತ್ರಜ್ಞೆ ಲೀಸಾ ಡಮೂರ್ ಉತ್ತರಿಸುತ್ತಾರೆ, ಪತ್ರಕರ್ತೆ ರೀನಾ ನೈನನ್ ಕೇಳುತ್ತಾರೆ. ಕಿವಿ ರೀನಾ ಕಡೆಗಿರಲಿ. ತಾಯಿಯಾಗಿ ಅವರು ಕೇಳುವ ಮರುಪ್ರಶ್ನೆ ಎಷ್ಟೋ ಸಲ ನಮ್ಮದೇ ಆಗಿರುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹಿಲರಿ ಫ್ರ್ಯಾಂಕ್ 2010ರಲ್ಲಿ ಆರಂಭಿಸಿದ ‘ದ ಲಾಂಗೆಸ್ಟ್ ಶಾರ್ಟೆಸ್ಟ್ ಟೈಮ್’. ತಮ್ಮ ಹೆರಿಗೆ ಬಹಳ ಕಷ್ಟದ್ದಾಗಿ, ಆಮೇಲೆ ಚೇತರಿಸಿಕೊಳ್ಳಲು ಪಾಡುಪಟ್ಟಾಗ, ಇಂಥದ್ದನ್ನು ಹಾದುಬಂದ ಬೇರೆಯವರ ಮಾತಿಗಾಗಿ ಅವರು ಮೈಕು ಹಿಡಿದರು. ಸಲಹೆ ಕಡಿಮೆ, ಕತೆ ಹೆಚ್ಚು. ಇದನ್ನು ಪಾತ್ರೆ ತೊಳೆಯುವಾಗ ಕೇಳಬೇಡಿ, ನಲ್ಲಿಯ ಸದ್ದಿನಲ್ಲಿ ಮೆಲುದನಿಗಳು ಮುಳುಗಿಹೋಗುತ್ತವೆ. ಮಗು ಮಲಗಿದ ಮೇಲೆ, ದೀಪ ಆರಿಸಿ, ಒಂದೇ ಒಂದು ಕಂತು ಕೇಳಿ.